ಕಂಬಿ ಬಿಟ್ಟ ಯೋಜನೆ

ಬೆಂಗಳೂರಿನ ಅರ್ಧ ಕಟ್ಟಡಗಳ ನಕ್ಷೆ ಬರೆದವನು ನಾನೇ. ಸುಳ್ಳು ಬಿಡಿ, ನಾನು ಬರೆಯೋದು ಬರೀ ಬೋರ್ಡು. ಆದರೆ ಬೋರ್ಡು ಬರೆಯಲು ಹೋದ ಕಡೆ ಇದನ್ನು ಕಣ್ಣಾರೆ ಕಂಡೆ.

ಅದೊಂದು ದೊಡ್ಡ ಆರ್ಕಿಟೆಕ್ಟ್ ಕಂಪನಿ. ಕಟ್ಟಡ, ಒಳಾಂಗಣ, ತೋಟ, ನೀರು, ಕರೆಂಟು, ಎಲ್ಲಕ್ಕೂ ಬೇರೆ ಬೇರೆ ವಿಭಾಗ. ಯಜಮಾನ ಸೋಮಯಾಜಿ ಸಾಹೇಬರು ನಕ್ಷೆ ಬರೆಯುವವನ ಮೇಲೆ ಗುಡುಗಿದರು: "ನಮ್ಮ ಆಫೀಸು ಮುಂದೆ ಹೇಗೆ ಬೆಳೆಯುತ್ತೆ ಅಂತ ಬರೆದು ತಾ. ಒಂದು ವಿಭಾಗ ಮುನಿಸಿಕೊಂಡರೂ ನಿನಗೆ ಕೆಲಸ ಇಲ್ಲ!"

ಅವನು ಈಗಿರುವ ಕಟ್ಟಡವನ್ನೇ ಬರೆದ. ಮುಂದೆ ಮಹಡಿ ಎಬ್ಬಿಸಲು ತಾರಸಿಯಲ್ಲಿ ಕಂಬಿ ಬಿಡುತ್ತಾರಲ್ಲ, ಅದನ್ನಷ್ಟೇ ಉದ್ದಕ್ಕೆ ಎಳೆದ.

ವಿಭಾಗಗಳ ಮುಖ್ಯಸ್ಥರೆಲ್ಲ ನೋಡಿ, ಒಳಗೊಳಗೇ ನಕ್ಕು, ಒಪ್ಪಿಬಿಟ್ಟರು!

"ಮೇಲೆ ಏನೂ ಇಲ್ಲವಲ್ಲಯ್ಯ, ಹೇಗೆ ಒಪ್ಪಿದರು?" ಸಾಹೇಬರಿಗೆ ಕುತೂಹಲ.

"ಮಹಡಿ ಬರೆದಿದ್ದರೆ ಅದು ಒಬ್ಬರದಾಗುತ್ತಿತ್ತು ಸಾರ್. ಬರೀ ಕಂಬಿ ಕಂಡವರೆಲ್ಲ ತಮ್ಮದೇ ಮಹಡಿ ಅಂದುಕೊಂಡರು."

ಸಾಹೇಬರು ಕಂಬಿಗಳನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ, "ಅದಿರಲಿ, ನನ್ನ ಹೊಸ ಕೋಣೆ ಯಾವ ಮೂಲೆಗೆ ಬರುತ್ತೆ?"

ನಗಬೇಡಿ ಸ್ವಾಮಿ, ಕತೆ ಹೇಳಿದ್ದಕ್ಕೆ ನನ್ನ ಟೀ ದುಡ್ಡು ಕೊಡಿ.