ಗೆದ್ದಲುಗಳ ಪ್ರಗತಿ

ಸೂರಿನ ತೊಲೆಯ ಬಿರುಕಿನಲ್ಲಿ ಹಲ್ಲಿ ಹಲ್ಲಕ್ಕ ಎರಡು ಮೊಟ್ಟೆ ಇಟ್ಟಿದ್ದಳು. ಅದೇ ತೊಲೆಯೊಳಗೆ ಗೆದ್ದಲುಗಳ ರಾಜ್ಯ. ಅವತ್ತು ಗೆದ್ದಲು ಯಜಮಾನ ಇಲ್ಲದ ಮೀಸೆ ತಿರುವಿಕೊಂಡು ಸಭೆಯಲ್ಲಿ ಸಾರಿದ: “ಹೋದ ತಿಂಗಳು ಒಂದು ಗೇಣು ತೊಲೆ ತಿಂದೆವು, ಈ ತಿಂಗಳು ಎರಡು ಗೇಣು. ಅಂದರೆ ನಮ್ಮ ರಾಜ್ಯ ದುಪ್ಪಟ್ಟು ಮುಂದೆ ಬಂದಿದೆ!”

ಗಾಬರಿಗೆ ಹಲ್ಲಕ್ಕನ ಬಾಯಿ ತಾನಾಗಿಯೇ ‘ಲೊಚ್ ಲೊಚ್’ ಎಂದಿತು.

ಹಲ್ಲಿ ಲೊಚಗುಟ್ಟಿದರೆ ಆಗ ಆಡಿದ ಮಾತು ಸತ್ಯ ಎಂಬುದು ಆ ಮನೆಯವರ ನಂಬಿಕೆ. ಮನೆಯನ್ನೇ ತಿನ್ನುವವರು ನಂಬಿಕೆಯನ್ನು ಬಿಟ್ಟಾರೆಯೇ? “ಕೇಳಿದಿರಾ, ಮಾತು ಸತ್ಯವಂತೆ!” ಎಂದು ಗೆದ್ದಲುಗಳು ಕುಣಿದವು.

“ಅಯ್ಯೋ ಯಜಮಾನರೇ, ನಾನು ಹೂಂ ಅಂದದ್ದಲ್ಲ, ಹೆದರಿದ್ದು! ತಿಂದದ್ದು ಹೇಳಿದಿರಿ, ಉಳಿದದ್ದು ಎಷ್ಟು?”

“ಅದನ್ನು ಅಳೆಯುವ ಪದ್ಧತಿ ನಮ್ಮಲ್ಲಿಲ್ಲ ಕಣಕ್ಕ. ಮುಂದಿನ ತಿಂಗಳು ನಾಲ್ಕು ಗೇಣು!”

ಬಾಯಿ ಮತ್ತೆ ಲೊಚಗುಟ್ಟೀತೆಂದು ಹಲ್ಲಕ್ಕ ತುಟಿ ಬಿಗಿಹಿಡಿದು, ಮೊಟ್ಟೆಗಳನ್ನು ಹೊಟ್ಟೆಯಡಿ ಅವುಚಿಕೊಂಡಳು. ಆ ನಿಶ್ಶಬ್ದದಲ್ಲಿ ತೊಲೆ ಒಳಗಿನಿಂದ ‘ಲಟಕ್’ ಎಂದಿತು.

“ಕೇಳಿಸಿತೇ?” ಎಂದು ಯಜಮಾನ ಹಿಗ್ಗಿದ. “ಈ ಸಲ ತೊಲೆಯೇ ಹೌದೆಂದಿತು!”