ಹೀರೆಬಳ್ಳಿ ಒಂದು ಕಾಯಿಯನ್ನು ಬಚ್ಚಿಡುವುದೇಕೆ

ಭೂಮಿಯ ಮೇಲಿನ ಹಸಿ ಇನ್ನೂ ಆರದಿದ್ದ ಕಾಲ. ನದಿಗಳು ಬೆಟ್ಟಗಳನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಭೂಮಿತಾಯಿ ಮನೆಗೊಂದು ಬೀಜ ಹಂಚಿ, "ನಾನು ಕೊಡುವುದು ಒಮ್ಮೆ ಮಾತ್ರ. ಮುಂದಿನದನ್ನು ನೀವೇ ಉಳಿಸಿಕೊಳ್ಳಿ" ಎಂದಿದ್ದಳು.

ಮಲ್ಲಾಜಮ್ಮನ ಪಾಲಿಗೆ ಬಂದುದು ಹೀರೆಯ ಬೀಜ. ಅವಳು ಅದನ್ನು ಹಿತ್ತಲಿನಲ್ಲಿ ಊರಿ, ಚಪ್ಪರ ಹಾಕಿ, ಅಕ್ಕಿ ತೊಳೆದ ನೀರು ಉಣಿಸಿ ಬೆಳೆಸಿದಳು. ಜಗತ್ತಿನಲ್ಲಿ ಆಗ ಇದ್ದುದು ಅದೊಂದೇ ಹೀರೆಬಳ್ಳಿ.

ಆ ಬಳ್ಳಿಗೆ ಮುಚ್ಚುಮರೆ ತಿಳಿಯದು. ಬಿಟ್ಟ ಕಾಯಿಗಳನ್ನೆಲ್ಲ ಚಪ್ಪರದ ಕೆಳಗೆ, ಕೈಗೆಟಕುವಂತೆ ತೂಗಬಿಡುತ್ತಿತ್ತು. ಮಲ್ಲಾಜಮ್ಮ ದಿನವೂ ಬೆಳಗ್ಗೆ ಬಂದು ಪ್ರತಿ ಕಾಯಿಗೂ ಉಗುರು ಒತ್ತಿ ನೋಡುವಳು. ಉಗುರು ಇಳಿದರೆ ಎಳೆಯದು, ಕೂಡಲೇ ಕೊಯ್ಯುವಳು. ಮನೆಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಬೀದಿಗೆ ಹಂಚುವಳು. "ಮಲ್ಲಾಜಮ್ಮನ ಹೀರೆಕಾಯಿ ಎಂದರೆ ಬೆಣ್ಣೆ" ಎನ್ನುತ್ತಿದ್ದರು ಬೀದಿಯವರು. ಆ ಮಾತು ಕಿವಿಗೆ ಬಿದ್ದ ದಿನ ಅವಳು ಎರಡು ಕಾಯಿ ಹೆಚ್ಚಾಗಿಯೇ ಕೊಯ್ಯುತ್ತಿದ್ದಳು.

ಸೊಸೆ ದೇವೀರಿ ಒಮ್ಮೆ ಕೇಳಿದಳು: "ಅತ್ತೆ, ಒಂದನ್ನಾದರೂ ಬೀಜಕ್ಕೆ ಬಿಡಬಾರದೇ?"

"ಬಲಿತ ಕಾಯಿ ನನ್ನ ಚಪ್ಪರದಲ್ಲಿ ಜೋತಾಡುವುದೇ? ಮಲ್ಲಾಜಮ್ಮನಿಗೆ ಕಣ್ಣು ಮಂದವಾಯಿತೆಂದು ಬೀದಿಯೆಲ್ಲ ಆಡಿಕೊಳ್ಳಲಿ ಎಂದೇನು? ಬಿಡೋಣ, ನಾಳೆ ಬಿಡೋಣ."

ನಾಳೆ ಬಂದಿತು. ಕಾಯಿ ಎಳೆಯದಾಗಿತ್ತು. ಕೊಯ್ದಳು. ಅದರ ಮರುದಿನವೂ ಬಂದಿತು. ಕಾಯಿ ಎಳೆಯದಾಗಿತ್ತು. ಕೊಯ್ದಳು.

ಹೀಗೆಯೇ ಮಳೆಗಾಲ ಕಳೆಯಿತು. ಬಳ್ಳಿಯ ಬುಡ ಒಣಗತೊಡಗಿತು. ತುದಿಯಲ್ಲಿ ಉಳಿದುದು ಒಂದೇ ಹೀಚು.

"ಇದೂ ಹೋದರೆ ನನ್ನ ಕುಲವೇ ಮುಗಿಯಿತು" ಎಂದು ಬಳ್ಳಿ ಅತ್ತಿತು.

ಪಕ್ಕದ ಮುದಿ ಎಲೆ ಹೇಳಿತು: "ಅಳುವುದಕ್ಕೆ ಹೊತ್ತಿಲ್ಲ, ಅವ್ವ. ಹೀಚನ್ನು ಗೋಡೆಯ ಮೂಲೆಗೆ ಸರಿಸು. ನನ್ನ ಅಗಲ ಇದಕ್ಕಾದರೂ ಉಪಯೋಗಕ್ಕೆ ಬರಲಿ."

ಬಳ್ಳಿ ಹೀಚನ್ನು ಮೂಲೆಗೆ ಸರಿಸಿತು. ಎಲೆ ಅದರ ಮೇಲೆ ಬಾಗಿತು. ಅಷ್ಟರಲ್ಲಿ ಗಾಳಿ ಬಂದು ಎಲೆಯನ್ನು ಎತ್ತಿಬಿಟ್ಟಿತು.

"ಗಾಳಿಯಣ್ಣ, ನಿನ್ನ ದಮ್ಮಯ್ಯ, ಇಲ್ಲಿ ಬೀಸಬೇಡ!" ಎಂದು ಬಳ್ಳಿ ಬೇಡಿತು.

"ಬೀಸದಿದ್ದರೆ ನನ್ನನ್ನು ಗಾಳಿಯೆಂದು ಯಾರು ಕರೆಯುತ್ತಾರೆ?" ಎಂದಿತು ಗಾಳಿ. ಆಮೇಲೆ ಹೀಚನ್ನು ನೋಡಿತು. ಅದು ಕಿರುಬೆರಳಿನಷ್ಟಿತ್ತು. "ಸರಿ, ಬೆಳಗಿನ ಹೊತ್ತು ಗೋಡೆಯ ಆಚೆಯೇ ಸುತ್ತುತ್ತೇನೆ. ಮಧ್ಯಾಹ್ನದ ಮೇಲೆ ಮಾತ್ರ ನನ್ನನ್ನು ಏನೂ ಕೇಳಬೇಡ."

ಮಲ್ಲಾಜಮ್ಮ ಬಂದಳು. ಎಲೆ ಅಲುಗಲಿಲ್ಲ. ಮರುದಿನವೂ ಬಂದಳು. ಎಲೆ ಅಲುಗಲಿಲ್ಲ. ಅದರ ಮರೆಯಲ್ಲಿ ಕಾಯಿ ಬೆಳೆಯಿತು, ಬಲಿಯಿತು, ಒಣಗಿ ಹಗುರವಾಯಿತು.

ಚಪ್ಪರ ಕಳಚುವ ದಿನ ಊಟ ಮುಗಿಸಿ ಅತ್ತೆ ಸೊಸೆ ಹಿತ್ತಲಿಗೆ ಬಂದರು. ಒಣಬಳ್ಳಿಯನ್ನು ನೀರೊಲೆಗೆ ಹಾಕುವುದಿತ್ತು.

"ಎಂಥ ಬೆಳೆ, ದೇವೀರಿ! ತೊವ್ವೆ ಉಂಡೆವು, ಬಜ್ಜಿ ಕರಿದೆವು, ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದೆವು. ಒಂದೇ ಒಂದು ಕಾಯಿ ಬಲಿತುಹೋಯಿತೇ, ಹೇಳು?"

"ಇಲ್ಲ ಅತ್ತೆ. ಬರುವ ವರ್ಷ ಏನನ್ನು ಊರುತ್ತೀರಿ? ಸಿಪ್ಪೆಯನ್ನೇ?"

ಮಲ್ಲಾಜಮ್ಮನ ಕೈ ನಿಂತಿತು. ಭೂಮಿತಾಯಿಯ ಮಾತು ನೆನಪಾಯಿತು. ಬೀದಿಯ ಪ್ರತಿ ಮನೆಯಲ್ಲೂ ಅವಳ ಕಾಯಿ ಬೆಂದಿತ್ತು. ಯಾವ ಮನೆಯಲ್ಲೂ ಒಂದು ಬೀಜವಿರಲಿಲ್ಲ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತಳು.

ಮಧ್ಯಾಹ್ನ ಕಳೆದಿತ್ತು. ಗಾಳಿ ಗೋಡೆ ದಾಟಿ ಬಂದಿತು. ಮುದಿ ಎಲೆ ತೊಟ್ಟು ಕಳಚಿ ಉದುರಿತು. ಮೂಲೆಯಲ್ಲಿ ಗಲಗಲ ಸದ್ದಾಯಿತು.

ಮೊಳದುದ್ದದ, ಕಂದುಬಣ್ಣದ ಕಾಯಿ! ಮಲ್ಲಾಜಮ್ಮ ಎದ್ದು ಹೋಗಿ ಅದಕ್ಕೆ ಉಗುರು ಒತ್ತಿದಳು. ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಳಿಯಲಿಲ್ಲ. ಅವಳ ಮುಖ ಅರಳಿತು. ತುದಿ ಮುರಿದು ಒದರಿದರೆ ಮಡಿಲು ತುಂಬ ಕಪ್ಪು ಬೀಜ.

"ಇಷ್ಟುದ್ದದ್ದು ನಿಮ್ಮ ಕಣ್ಣು ತಪ್ಪಿಸಿತಲ್ಲ! ಬೀದಿಯವರಿಗೆ ಏನು ಹೇಳೋಣ, ಅತ್ತೆ?" ದೇವೀರಿ ಸೆರಗಿನಲ್ಲಿ ನಗು ಮುಚ್ಚಿದಳು.

ಮಲ್ಲಾಜಮ್ಮ ತಲೆಯೆತ್ತಿದಳು. "ಬೀಜಕ್ಕೆಂದು ನಾನೇ ಬಿಟ್ಟಿದ್ದೆ ಎನ್ನು."

ಆ ಸಂಜೆಯೇ ಅವಳು ಮನೆಗೆ ಎರಡರಂತೆ ಬೀಜ ಹಂಚಿದಳು. ಅವುಗಳಿಂದ ಹುಟ್ಟಿದ ಬಳ್ಳಿಗಳಿಗೆಲ್ಲ ತಾಯಿಬಳ್ಳಿಯ ಬುದ್ಧಿಯೇ ಬಂದಿತು. ಆದುದರಿಂದಲೇ, ಮಗು, ಇಂದಿಗೂ ನೀನು ಎಷ್ಟು ಹುಡುಕಿ ಕೊಯ್ದರೂ, ಯಾವುದೋ ಎಲೆಯ ಹಿಂದೆ ನಿನ್ನ ತೋಳಿನುದ್ದದ ಹೀರೆಕಾಯಿಯೊಂದು ಕಡೆಗೊಂದು ದಿನ ಸಿಕ್ಕೇ ಸಿಗುತ್ತದೆ; ಮನೆಯ ಹಿರಿಯರು ಅದನ್ನು ನೋಡಿ, ಸ್ವಲ್ಪವೂ ಅಳುಕದೆ, "ಬೀಜಕ್ಕೆಂದು ನಾನೇ ಬಿಟ್ಟಿದ್ದೆ" ಎನ್ನುತ್ತಾರೆ.