ಅಧ್ಯಕ್ಷರ ಕಂಪ್ಯೂಟರಿನಲ್ಲಿ ಮಾತ್ರ

ಕುಪ್ಪಸದ ಖಣ ನೇಯುವವರ ಸಂಘವೊಂದಿತ್ತು. ಅದರ ವೆಬ್‌ಸೈಟ್ ತೆರೆದರೆ ಮೊದಲು ಕಾಣುತ್ತಿದ್ದದ್ದು ನೀಲವ್ವನ ನಗು. ಸಂಘ ಕಟ್ಟಿದ ನೀಲವ್ವ ತೀರಿಕೊಂಡಿದ್ದಳು. ವೆಬ್‌ಸೈಟ್ ನೋಡಿಕೊಳ್ಳುವ ದಾಕ್ಷಾಯಣಿಯನ್ನು ಮಗ್ಗದ ಮುಂದೆ ಕೂರಿಸಿ, ಕೈಹಿಡಿದು ನೇಯಲು ಕಲಿಸಿದವಳು ಅವಳೇ. ಆ ಮುಖ ನೋಡದೆ ದಾಕ್ಷಾಯಣಿಗೆ ಕೆಲಸಕ್ಕೆ ಕೈ ಏಳುತ್ತಿರಲಿಲ್ಲ.

ನೀಲವ್ವನ ಮಗ ಸಂಗನಬಸಪ್ಪ ಅಧ್ಯಕ್ಷನಾದ. ಬಂದವನೇ ಗುಡುಗಿದ: “ಅವ್ವನ ಫೋಟೋ ಸಾಕು. ನಂದು ಹಾಕು. ನನ್ನ ಕಂಪ್ಯೂಟರಿನ್ಯಾಗ ಒಂದು ಕೂದಲೆಳೆ ಆಚೀಚೆ ಆಗಬಾರದು!”

ಅವನ ಕಂಪ್ಯೂಟರೋ ಓಬೀರಾಯನ ಕಾಲದ್ದು. ಅದರ ಹಳೇ ಬ್ರೌಸರಿನಲ್ಲಿ ಯಾವ ಫೋಟೋ ಹಾಕಿದರೂ ಜಾರಿ ಅಕ್ಷರಗಳ ಮೇಲೆ ಕೂರುತ್ತಿತ್ತು. ಪುಟದಲ್ಲಿ ಯಾವುದು ಎಲ್ಲಿ, ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್‌ಶೀಟನ್ನು ಅದೊಂದಕ್ಕೇ ಬೇರೆಯಾಗಿ ಬರೆಯಬೇಕಿತ್ತು. ದಾಕ್ಷಾಯಣಿ ಬರೆದಳು. ಬರೆಯುವಾಗ ಇನ್ನೂ ಒಂದು ಕಟ್ಟಪ್ಪಣೆ ಸೇರಿಸಿದಳು: ಈ ಬ್ರೌಸರಿನಲ್ಲಿ ಮಗನ ಮುಖ, ಉಳಿದೆಲ್ಲದರಲ್ಲಿ ತಾಯಿಯ ಮುಖ.

ಅಧ್ಯಕ್ಷ ನೋಡಿ ಮೀಸೆ ತಿರುವಿದ. “ಎಲ್ಲಾರಿಗೂ ಹಿಂಗಽ ಕಾಣ್ತೈತೇನು?”

“ನಿಮ್ಮಂಥಾ ಕಂಪ್ಯೂಟರ್ ಇದ್ದವ್ರಿಗೆಲ್ಲಾ ಹಿಂಗಽ ಕಾಣ್ತೈತ್ರಿ, ಸಾಹೇಬ್ರ.”

ಮುಂದೊಂದು ಮದುವೆಯಲ್ಲಿ ಬೀಗರು ಅವನೆದುರು ಮೊಬೈಲ್ ಚಾಚಿದರು. “ನಿಮ್ಮ ಸಂಘದ ವೆಬ್‌ಸೈಟ್ ನೋಡಿದ್ವಿ. ನಿಮ್ಮ ಅವ್ವಾರು ಎಷ್ಟು ಛಂದ ನಕ್ಕಾರ್ರಿ!”

ಸಂಗನಬಸಪ್ಪ ಊಟ ಬಿಟ್ಟು ಆಫೀಸಿಗೆ ಬಂದ. ಕೆಲಸ ಹೋಯಿತೆಂದೇ ದಾಕ್ಷಾಯಣಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಅವನು ನೇರ ಹೋಗಿ ತನ್ನ ಕಂಪ್ಯೂಟರಿನ ಮುಂದೆ ಕೂತು ತನ್ನದೇ ಮುಖವನ್ನು ಬಹಳ ಹೊತ್ತು ನೋಡಿದ.

“ಈ ಡಬ್ಬಾ ತಗದಬಿಡವಾ, ದಾಕ್ಷಾಯಣಿ,” ಅಂದ. “ಇದರಾಗ ಅವ್ವ ಕಾಣಂಗಿಲ್ಲ.”